ಹಬ್ಬ ಯಾರದು, ಮೈದಾನ ಯಾರದು?

ಈ ಸಲ ಹಬ್ಬಗಳ ಬಗ್ಗೆ ಬಂದ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಕೆಲವು ಪತ್ರಗಳಲ್ಲಿ ಸಿಟ್ಟು ಜಾಸ್ತಿ ಇತ್ತು. ಆದರೂ ಕೇಳಿದ ವಿಷಯ ನಿಜವಾದದ್ದು, ಅದಕ್ಕೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: 2022ರಲ್ಲಿ ಚಾಮರಾಜಪೇಟೆ ಈದ್ಗಾ ಮೈದಾನದಲ್ಲಿ ಗಣೇಶನನ್ನು ಕೂರಿಸಬಾರದು ಅಂದರು. ಅದೇ ದಿನ ಹುಬ್ಬಳ್ಳಿ ಈದ್ಗಾ ಮೈದಾನದಲ್ಲಿ ಕೂರಿಸಬಹುದು ಅಂದರು. ಕೋರ್ಟಿನಲ್ಲೂ ಊರಿಗೊಂದು ನ್ಯಾಯ ಇದೆಯಾ? (ಗದಗದ ಓದುಗರು)

ಉತ್ತರ: ಹಾಗೆ ಕಾಣುತ್ತದೆ, ಆದರೆ ಹಾಗಲ್ಲ. ಎರಡೂ ಕಡೆ ಜಗಳ ನಿಂತಿದ್ದು ಒಂದೇ ಮಾತಿನ ಮೇಲೆ: ಈ ಜಾಗ ಯಾರದು? ಒಂದು ಕಡೆ ಅದು ಇತ್ಯರ್ಥವಾಗಿತ್ತು, ಇನ್ನೊಂದು ಕಡೆ ಆಗಿರಲಿಲ್ಲ.

ಮೊದಲು ಬೆಂಗಳೂರು. ಚಾಮರಾಜಪೇಟೆ ಮೈದಾನ ತನ್ನದು ಅಂತ ವಕ್ಫ್ ಮಂಡಳಿ ಹೇಳುತ್ತಿತ್ತು. ಅದಕ್ಕೆ 1960ರ ದಶಕದ ಸುಪ್ರೀಂ ಕೋರ್ಟ್ ತೀರ್ಪನ್ನು ತೋರಿಸುತ್ತಿತ್ತು. ಬಿಬಿಎಂಪಿ ಅಧಿಕಾರಿಯೊಬ್ಬರು 2022ರ ಆಗಸ್ಟ್‌ನಲ್ಲಿ ಇದು ಕಂದಾಯ ಇಲಾಖೆಯ ಜಾಗ ಅಂತ ಆದೇಶ ಹೊರಡಿಸಿದರು. ವಿಷಯ ಹೈಕೋರ್ಟಿಗೆ ಹೋಯಿತು. ಬಂದ ಅರ್ಜಿಗಳನ್ನು ನೋಡಿ ಸರ್ಕಾರವೇ ತೀರ್ಮಾನಿಸಲಿ ಅಂತ ಆಗಸ್ಟ್ 26ರಂದು ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಕೂಡಲೇ ವಕ್ಫ್ ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಗಸ್ಟ್ 30ರಂದು, ಅಂದರೆ ಹಬ್ಬದ ಹಿಂದಿನ ದಿನ, ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಒಮ್ಮತ ಬರಲಿಲ್ಲ. ಸಂಜೆ ಮೂವರ ಪೀಠ ಕುಳಿತು, ಇಲ್ಲಿಯವರೆಗೆ ಹೇಗಿತ್ತೋ ಹಾಗೇ ಇರಲಿ, ಪೂಜೆ ಬೇರೆ ಕಡೆ ಮಾಡಿ ಅಂದಿತು. ಮಾಲೀಕತ್ವದ ತಕರಾರು ಮುಗಿಯದ ಜಾಗದಲ್ಲಿ ರಾತ್ರೋರಾತ್ರಿ ಹೊಸ ಪದ್ಧತಿ ಶುರುವಾಗುವುದು ಬೇಡ ಅನ್ನುವುದು ಅದರ ತಾತ್ಪರ್ಯ.

ಹುಬ್ಬಳ್ಳಿಯ ಕಥೆ ಹಳೆಯದು, ನೋವಿನದ್ದೂ ಹೌದು. ಚೆನ್ನಮ್ಮ ಸರ್ಕಲ್ ಪಕ್ಕದ ಆ ಮೈದಾನವನ್ನು 1921ರಲ್ಲಿ ಅಂಜುಮನ್ ಸಂಸ್ಥೆಗೆ ನಮಾಜಿಗಾಗಿ ಕೊಡಲಾಗಿತ್ತು. 1994ರ ಆಗಸ್ಟ್ 15ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸುವ ವಿಷಯಕ್ಕೆ ಗಲಾಟೆಯಾಗಿ, ಪೊಲೀಸರ ಗುಂಡಿಗೆ ಜನ ಸತ್ತರು. ಜಾಗದ ಮೊಕದ್ದಮೆ ದಶಕಗಳ ಕಾಲ ನಡೆಯಿತು. ಮೈದಾನ ಪಾಲಿಕೆಯದ್ದು, ಅಂಜುಮನ್‌ಗೆ ಇರುವುದು ರಂಜಾನ್ ಮತ್ತು ಬಕ್ರೀದ್ ದಿನ ಪ್ರಾರ್ಥನೆ ಮಾಡುವ ಅವಕಾಶ ಅಷ್ಟೇ ಅನ್ನುವುದು 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾಯಿತು. ಹಾಗಾಗಿ 2022ರ ಆಗಸ್ಟ್ 30ರ ರಾತ್ರಿ ಧಾರವಾಡ ಪೀಠದ ಮುಂದೆ ಚಾಮರಾಜಪೇಟೆಯ ಆದೇಶವನ್ನು ತೋರಿಸಿದಾಗ, ಅಲ್ಲಿ ಮಾಲೀಕತ್ವದ ಜಗಳ ಇದೆ, ಇಲ್ಲಿ ಇಲ್ಲ ಅಂತ ನ್ಯಾಯಮೂರ್ತಿಗಳು ವ್ಯತ್ಯಾಸ ಮಾಡಿದರು. ಪಾಲಿಕೆ ಕೊಟ್ಟ ಮೂರು ದಿನದ ಅನುಮತಿ ಉಳಿಯಿತು.

ಇನ್ನು ನನ್ನ ಅಭಿಪ್ರಾಯ. ಪಾಲಿಕೆಯ ಮೈದಾನ ಒಂದೇ ಧರ್ಮದವರಿಗೆ ಮೀಸಲಾಗಿರಬಾರದು ಅನ್ನುವ ವಾದ ನನಗೆ ಒಪ್ಪಿಗೆ. ಆದರೆ ಆ ವಾದ ಹಿಡಿದವರು ಅದನ್ನು ಕೊನೆಯವರೆಗೂ ಹಿಡಿಯಬೇಕು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿ ಟಿಪ್ಪು ಜಯಂತಿಗೆ ಅನುಮತಿ ಕೇಳಿದರು, ಪಾಲಿಕೆ ಕೊಟ್ಟಿತು. ಕೊಡಲೇಬೇಕಿತ್ತು. ಗಣೇಶನ ಪೆಂಡಾಲಿಗೆ ಚಪ್ಪಾಳೆ ತಟ್ಟಿದ ಕೆಲವರಿಗೆ ಆಗ ಸಿಟ್ಟು ಬಂತು. ಆ ಸಿಟ್ಟನ್ನು ಅವರು ಒಮ್ಮೆ ತಮ್ಮೊಳಗೇ ವಿಚಾರಿಸಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ. ಇನ್ನೊಂದು ಮಾತು. ಹುಬ್ಬಳ್ಳಿಯಲ್ಲಿ ಗಣೇಶನನ್ನು ಕೂರಿಸಲು ಓಣಿ ಓಣಿಯಲ್ಲೂ ಜಾಗ ಇದೆ. ಅಷ್ಟಿದ್ದೂ ಅಲ್ಲೇ ಬೇಕು ಅಂದಾಗ, ಬೇಕಾಗಿರುವುದು ಹಬ್ಬವೋ ಗೆಲುವೋ ಅಂತ ಪಕ್ಕದ ಓಣಿಯವರು ಕೇಳಿದರೆ ತಪ್ಪು ತಿಳಿಯಬೇಡಿ. ಕಾನೂನು ಕೊಡುವುದು ಅನುಮತಿ. ನೆರೆಯವರ ಮನಸ್ಸನ್ನು ಗೆಲ್ಲುವ ಕೆಲಸ ನಮ್ಮದೇ.

ಪ್ರಶ್ನೆ: ದಸರಾ ಉದ್ಘಾಟನೆಯಲ್ಲಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಇರುತ್ತದೆ, ದೀಪ ಹಚ್ಚುತ್ತಾರೆ. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರನ್ನು ಉದ್ಘಾಟನೆಗೆ ಕರೆದಿದ್ದು ನಮ್ಮ ಧಾರ್ಮಿಕ ಹಕ್ಕಿನಲ್ಲಿ ಕೈಹಾಕಿದ ಹಾಗಲ್ವಾ? (ಮೈಸೂರಿನ ಓದುಗರು)

ಉತ್ತರ: ನೀವು ಪೂಜೆ ಮಾಡುವುದನ್ನು ಯಾರಾದರೂ ತಡೆದರಾ? ಗರ್ಭಗುಡಿಯ ಪದ್ಧತಿಯನ್ನು ಯಾರಾದರೂ ಬದಲಿಸಿದರಾ? ಎರಡೂ ಇಲ್ಲ. ಹಾಗಿದ್ದ ಮೇಲೆ ಹಕ್ಕಿಗೆ ಪೆಟ್ಟು ಎಲ್ಲಿ ಬಿತ್ತು ಅಂತ ತೋರಿಸುವುದು ಕಷ್ಟ. ಈ ಆಹ್ವಾನದ ವಿರುದ್ಧದ ಅರ್ಜಿಗಳನ್ನು ಹೈಕೋರ್ಟ್ ಸೆಪ್ಟೆಂಬರ್ 15ರಂದು ವಜಾ ಮಾಡಿದ್ದು ಇದೇ ಕಾರಣಕ್ಕೆ. ಬೇರೆ ಧರ್ಮದವರು ಪಾಲ್ಗೊಂಡರೆ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ ಅಂದಿತು. ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಕೂಡ ಕೇಳಲಿಲ್ಲ. ಇದು ಸರ್ಕಾರದ ಕಾರ್ಯಕ್ರಮ, ಸರ್ಕಾರ ಜನರಲ್ಲಿ ಭೇದ ಮಾಡುವ ಹಾಗಿಲ್ಲ ಅನ್ನುವುದು ಅಲ್ಲಿನ ಪೀಠದ ಮಾತು. 22ರಂದು ಬಾನು ಮುಷ್ತಾಕ್ ಬೆಟ್ಟದ ಮೇಲೆ ಉದ್ಘಾಟನೆ ಮಾಡಿದರು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರೇ ದಸರಾ ಉದ್ಘಾಟಿಸಿದ್ದರು ಅನ್ನುವುದೂ ನಿಮಗೆ ನೆನಪಿರಬಹುದು.

ಕನ್ನಡವನ್ನು ಭುವನೇಶ್ವರಿ ದೇವಿಯಾಗಿ ಮಾಡಿದರೆ ನಾನು ಎಲ್ಲಿ ನಿಲ್ಲಲಿ ಅನ್ನುವ ಅರ್ಥದಲ್ಲಿ ಬಾನು ಅವರು ಹಿಂದೆ ಆಡಿದ ಮಾತು ಹಲವರಿಗೆ ನೋವು ಕೊಟ್ಟಿತು, ಅದನ್ನು ನಿಮ್ಮ ಪತ್ರದಲ್ಲೂ ಬರೆದಿದ್ದೀರಿ. ಆ ಮಾತನ್ನು ಟೀಕಿಸಲು ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ. ಭಾಷಣದಲ್ಲಿ ಹೇಳಿ, ಪತ್ರಿಕೆಗೆ ಬರೆಯಿರಿ, ಅವರಿಗೇ ಕೇಳಿ. ಆದರೆ ಟೀಕೆ ಒಂದು, ಮುಸ್ಲಿಂ ಆದ್ದರಿಂದ ವೇದಿಕೆ ಹತ್ತಬಾರದು ಅನ್ನುವುದು ಇನ್ನೊಂದು. ಆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಈ ಎರಡನ್ನೂ ಬೇಕಂತಲೇ ಬೆರೆಸಿದವರು ತುಂಬಾ ಜನ ಇದ್ದರು. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಕನ್ನಡದ ಹೆಣ್ಣುಮಗಳು ಅಂತ ಸಂಭ್ರಮಿಸಿ, ಕೆಲವೇ ತಿಂಗಳಲ್ಲಿ ನೀವು ನಮ್ಮವರಲ್ಲ ಅಂದಿದ್ದು ನನಗೆ ಬಹಳ ಬೇಸರ ತಂದಿತು.

ಒಂದು ವಿಷಯದಲ್ಲಿ ನಿಮ್ಮ ಗೊಂದಲ ನನಗೂ ಅರ್ಥವಾಗುತ್ತದೆ. ಸರ್ಕಾರವೇ ದುಡ್ಡು ಹಾಕಿ ನಾಡಹಬ್ಬ ಮಾಡುತ್ತದೆ, ಅದನ್ನು ದೇವಸ್ಥಾನದ ಅಂಗಳದಲ್ಲಿ ಶುರು ಮಾಡುತ್ತದೆ. ಎಲ್ಲಿ ನಾಡಿನ ಹಬ್ಬ ಮುಗಿದು ದೇವಿಯ ಪೂಜೆ ಶುರುವಾಗುತ್ತದೆ ಅಂತ ಗೆರೆ ಎಳೆಯುವುದು ಸುಲಭ ಅಲ್ಲ. ಆ ಚರ್ಚೆ ಆಗಬೇಕು, ಅತಿಥಿಯ ಹೆಸರು ಯಾವುದೇ ಇದ್ದರೂ ಆಗಬೇಕು.

ಪ್ರಶ್ನೆ: ನಮ್ಮ ಬೀದಿಯಲ್ಲಿ ವಿಸರ್ಜನೆ ದಿನ ಡಿಜೆ ನಡುರಾತ್ರಿ ದಾಟುತ್ತದೆ. ಮನೆಯಲ್ಲಿ ಹೃದಯದ ಕಾಯಿಲೆಯ ಅಪ್ಪ ಇದ್ದಾರೆ. ಹೇಳಿದರೆ, ಬೆಳಗಿನ ಆಜಾನ್ ಬಗ್ಗೆ ಮೊದಲು ಕೇಳಿ ಅನ್ನುತ್ತಾರೆ. (ದಾವಣಗೆರೆಯ ಓದುಗರು)

ಉತ್ತರ: ನಿಯಮ ಇಬ್ಬರಿಗೂ ಒಂದೇ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ನಡುರಾತ್ರಿ ದಾಟಿದ ಮೇಲೆ ಯಾರಿಗೂ ವಿನಾಯಿತಿ ಇಲ್ಲ. ಇನ್ನೊಬ್ಬರ ನೆಮ್ಮದಿ ಕೆಡಿಸಿ ಮೈಕಿನಲ್ಲೇ ಪ್ರಾರ್ಥಿಸಬೇಕು ಅಂತ ಯಾವ ಧರ್ಮವೂ ಹೇಳುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅದು ಮದ್ರಾಸಿನ ಒಂದು ಚರ್ಚಿನ ಪ್ರಕರಣ. ಸಂಘದ ಹುಡುಗರ ಹತ್ತಿರ ಮೆರವಣಿಗೆಗೆ ಮುಂಚೆಯೇ ಮಾತಾಡಿ, ಅಪ್ಪನ ಸ್ಥಿತಿ ಹೇಳಿ. ಆಗದಿದ್ದರೆ 112ಕ್ಕೆ ಫೋನ್ ಮಾಡಿ. ಇದರಲ್ಲಿ ಧರ್ಮದ್ರೋಹ ಏನೂ ಇಲ್ಲ.

ಪ್ರಶ್ನೆ: ಮಗಳ ಖಾಸಗಿ ಶಾಲೆಯಲ್ಲಿ ಸರಸ್ವತಿ ಪೂಜೆಯೂ ಇದೆ, ಕ್ರಿಸ್‌ಮಸ್‌ಗೆ ಸಾಂತಾ ವೇಷವೂ ಇದೆ. ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದನ್ನು ಇಟ್ಟು ಇನ್ನೊಂದನ್ನು ನಿಲ್ಲಿಸಿ ಅಂತ ದೊಡ್ಡ ಜಗಳ. ನಮಗೆ ಪೂಜೆಯಲ್ಲಿ ಮಗಳನ್ನು ಕೂರಿಸುವುದು ಇಷ್ಟವಿಲ್ಲ. ಏನು ಮಾಡಲಿ? (ಬೆಂಗಳೂರಿನ ಒಬ್ಬ ತಾಯಿ)

ಉತ್ತರ: ನಿಮ್ಮ ಉತ್ತರ ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಪೂರ್ತಿ ಸರ್ಕಾರಿ ದುಡ್ಡಿನ ಶಾಲೆಯಲ್ಲಿ ಧರ್ಮಬೋಧನೆ ಇರುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೂಜೆ, ಪ್ರಾರ್ಥನೆ ಇರಬಹುದು, ಆದರೆ ಪೋಷಕರ ಒಪ್ಪಿಗೆ ಇಲ್ಲದೆ ಚಿಕ್ಕ ಮಕ್ಕಳನ್ನು ಅದರಲ್ಲಿ ಕೂರಿಸುವ ಹಾಗಿಲ್ಲ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ, ಶಾಲೆ ಅವರನ್ನು ಹೊರಹಾಕಿತು. ಸುಪ್ರೀಂ ಕೋರ್ಟ್ 1986ರಲ್ಲಿ ಅವರನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ರಾಷ್ಟ್ರಗೀತೆಯ ವಿಷಯದಲ್ಲೇ ಮಕ್ಕಳ ನಂಬಿಕೆಗೆ ಅಷ್ಟು ಬೆಲೆ ಸಿಕ್ಕಿದೆ ಅಂದಮೇಲೆ ನೀವು ಅಂಜಬೇಕಾಗಿಲ್ಲ.

ಮುಖ್ಯ ಶಿಕ್ಷಕರಿಗೆ ಒಂದು ಸಣ್ಣ ಪತ್ರ ಬರೆಯಿರಿ. ಪೂಜೆಯ ಹೊತ್ತಿಗೆ ಮಗಳು ಲೈಬ್ರರಿಯಲ್ಲಿ ಇರಲಿ, ಹಾಜರಿ ಕಡಿತ ಆಗಬಾರದು, ಎಲ್ಲರ ಎದುರು ಅವಳನ್ನು ಎಬ್ಬಿಸಿ ಕಳಿಸಬಾರದು ಅಂತ ಬರೆಯಿರಿ. ಈ ಕೊನೆಯದ್ದನ್ನು ಮರೆಯಬೇಡಿ, ಮಕ್ಕಳಿಗೆ ಅವಮಾನ ಆಗುವುದು ಅಲ್ಲೇ. ಬೇರೆ ಮಕ್ಕಳ ಪೂಜೆಯನ್ನೋ ಸಾಂತಾ ಟೋಪಿಯನ್ನೋ ನಿಲ್ಲಿಸಿ ಅಂತ ಮಾತ್ರ ಕೇಳಬೇಡಿ. ಅವರ ಮನೆಯವರಿಗೆ ಅದು ಇಷ್ಟ ಇರಬಹುದು. ಮಗಳಿಗೂ ಮೊದಲೇ ಕೂರಿಸಿಕೊಂಡು ಹೇಳಿ. ಪ್ರಸಾದ ಕೊಟ್ಟರೆ ಏನು ಮಾಡಲಿ ಅಂತ ಅವಳು ಕೇಳೇ ಕೇಳುತ್ತಾಳೆ, ಅದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ತೀರ್ಮಾನ ಆಗಿರಲಿ.