ಬದಲಿ ನರ್ಸ್‌ಗಳ ಕರಾರಿನಲ್ಲಿ ಏನಿರಬೇಕು?

ಪ್ರಶ್ನೆ: ಬೌದ್ಧಿಕ ಮತ್ತು ದೈಹಿಕ ಅಂಗವೈಕಲ್ಯವುಳ್ಳ 22 ಮಂದಿ ವಾಸವಿರುವ ವಸತಿ ಕೇಂದ್ರವೊಂದರ ಮೇಲ್ವಿಚಾರಕಿ ನಾನು. ನಮ್ಮ ಕಾಯಂ ನರ್ಸ್‌ಗಳು ರಜೆ ಹಾಕಿದಾಗ ಏಜೆನ್ಸಿಯಿಂದ ಬದಲಿಯವರನ್ನು ಕರೆಸುತ್ತೇವೆ. ಪ್ರತಿ ಸಲವೂ ಹೊಸಬರೇ ಬರುತ್ತಾರೆ. ಕಳೆದ ತಿಂಗಳು ಮಾತು ಬಾರದ ನಿವಾಸಿಯೊಬ್ಬರು ರಾತ್ರಿಯಿಡೀ ತಲೆ ಚಚ್ಚಿಕೊಂಡರು. ಪಾಳಿಯಲ್ಲಿದ್ದವರು ಪುಸ್ತಕದಲ್ಲಿ ‘ಹಟ’ ಎಂದು ಬರೆದು ಹೋದರು. ಬೆಳಿಗ್ಗೆ ನೋಡಿದರೆ ಕಿವಿ ಸೋರುತ್ತಿತ್ತು. ಈಗ ಏಜೆನ್ಸಿಯೊಂದಿಗೆ ವಾರ್ಷಿಕ ಕರಾರು ಮಾಡಿಕೊಳ್ಳಲಿದ್ದೇವೆ. ಯಾವ ಷರತ್ತುಗಳನ್ನು ಹಾಕಬೇಕು?

ಉತ್ತರ: ಆ ನರ್ಸ್ ಅನರ್ಹರೆಂದು ನಾನು ಭಾವಿಸುವುದಿಲ್ಲ, ಅವರು ಅಪರಿಚಿತರಾಗಿದ್ದರು, ಅಷ್ಟೆ. ಹೊಸದಾಗಿ ಕಾಣಿಸಿಕೊಂಡ ನೋವನ್ನು ಹಳೆಯ ಅಂಗವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವ ಈ ತಪ್ಪು ಅನುಭವಿ ವೈದ್ಯರಿಂದಲೂ ಆಗುತ್ತದೆ. ಆದ್ದರಿಂದ ಕರಾರಿನಲ್ಲಿ ತಿಂಗಳಿಗೆ ಇಷ್ಟು ಗಂಟೆಗಳ ಸೇವೆ ಎಂದು ಬರೆಯುವ ಮೊದಲು, ಯಾರ ಸೇವೆ ಎಂಬುದನ್ನು ಬರೆಯಿರಿ. ನಿಮ್ಮಂಥ ಕೇಂದ್ರಕ್ಕೆ ನಾಲ್ಕೈದು ಹೆಸರುಗಳ ಪಟ್ಟಿ ಸಾಕು. ಪಟ್ಟಿಯ ಹೊರಗಿನವರನ್ನು ನಿಮ್ಮ ಒಪ್ಪಿಗೆಯಿಲ್ಲದೆ ಕಳುಹಿಸುವಂತಿಲ್ಲ ಎಂಬ ಷರತ್ತನ್ನು ಏಜೆನ್ಸಿಯವರು ಸುಲಭವಾಗಿ ಒಪ್ಪುವುದಿಲ್ಲವಾದರೂ, ದರದಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ಅದನ್ನು ಉಳಿಸಿಕೊಳ್ಳಿ.

ಪಟ್ಟಿಗೆ ಸೇರುವ ಪ್ರತಿಯೊಬ್ಬರೂ ಒಂಟಿಯಾಗಿ ಪಾಳಿ ಹಿಡಿಯುವ ಮೊದಲು, ಕಾಯಂ ನರ್ಸ್‌ನ ಜೊತೆಯಲ್ಲಿ ಕನಿಷ್ಠ ಒಂದು ಹಗಲು ಮತ್ತು ಒಂದು ರಾತ್ರಿ ಪಾಳಿ ಇರಬೇಕು. ಆ ಪಾಳಿಗಳ ಸಂಬಳವನ್ನು ನೀವೇ ಕೊಡಿ. ಪುಕ್ಕಟೆಯಾಗಿ ಬರಲಿ ಎಂದರೆ ಯಾರೂ ಬರುವುದಿಲ್ಲ.

‘ಅರ್ಹ ನರ್ಸ್’ ಎಂಬ ಪದದಿಂದ ಕರಾರಿನಲ್ಲಿ ಏನೂ ಸಿದ್ಧಿಸುವುದಿಲ್ಲ. ಬೇಕಾದ ಕೌಶಲಗಳನ್ನು ನಿಮ್ಮ ನಿವಾಸಿಗಳನ್ನು ನೋಡಿಕೊಂಡೇ ಹೆಸರಿಸಿ. ಹೊಟ್ಟೆಗೆ ಹಾಕಿದ ಕೊಳವೆಯ ಮೂಲಕ ಆಹಾರ ಕೊಡುವವರಿಗೆ, ಆ ಹೊತ್ತಿನಲ್ಲೂ ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ ತಲೆಯ ಭಾಗವನ್ನು ಕನಿಷ್ಠ 30 ಡಿಗ್ರಿ ಎತ್ತರಿಸಿರಬೇಕೆಂಬುದು ತಿಳಿದಿರಬೇಕು. ಫಿಟ್ಸ್ 5 ನಿಮಿಷ ದಾಟಿದರೆ ಅದು ತುರ್ತುಸ್ಥಿತಿ. ವೈದ್ಯರು ಬರೆದುಕೊಟ್ಟ ಔಷಧವನ್ನು ಕೆನ್ನೆಯ ಒಳಭಾಗಕ್ಕೋ ಮೂಗಿಗೋ ಹಾಕಿ ಅಭ್ಯಾಸವಿರಬೇಕು. ಬೆನ್ನುಹುರಿಗೆ ಎದೆಮಟ್ಟದ ಆರನೆಯ ಭಾಗದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿದ್ದರೆ ಇನ್ನೊಂದು ವಿಷಯವಿದೆ. ಅವರಿಗೆ ಹಠಾತ್ತನೆ ತಲೆ ಸಿಡಿಯತೊಡಗಿ, ಮುಖ ಕೆಂಪೇರಿ, ಬೆವರು ಕಿತ್ತುಕೊಂಡು ಬಂದರೆ, ಹೊಸಬರು ಸಾಮಾನ್ಯವಾಗಿ ಹಾಸಿಗೆಯಲ್ಲಿ ಮಲಗಿಸಿ ಸಮಾಧಾನ ಮಾಡುತ್ತಾರೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ಕ್ಯಾತಿಟರ್ ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಕೊಳವೆಯ ಒಂದು ಮಡಿಕೆಯೇ ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಲ್ಲದು. ಇಂಥ ನಿವಾಸಿ ನಿಮ್ಮಲ್ಲಿ ಒಬ್ಬರೇ ಇದ್ದರೂ ಇದು ಕರಾರಿನ ಅನುಬಂಧದಲ್ಲಿರಲಿ.

ನೋಂದಣಿ ಪ್ರಮಾಣಪತ್ರದ ಜೆರಾಕ್ಸ್ ಪ್ರತಿಯನ್ನು ನಂಬಿ ಕೂರದೆ, ನೋಂದಣಿ ಮಂಡಳಿಯ ದಾಖಲೆಯಲ್ಲಿ ನೀವೇ ಪರಿಶೀಲಿಸಿ. ಹೊಣೆಗಾರಿಕೆ ವಿಮೆ ಯಾರದು, ಪಾಳಿ ರದ್ದಾದರೆ ಎಷ್ಟು ಹೊತ್ತು ಮೊದಲು ತಿಳಿಸಬೇಕು ಎಂಬುವು ಎಲ್ಲ ಕರಾರುಗಳಲ್ಲೂ ಇರುತ್ತವೆ. ಬದಲಿಯಾಗಿ ಬಂದವರನ್ನು ಮುಂದೆ ಕಾಯಂ ಮಾಡಿಕೊಂಡರೆ ಏಜೆನ್ಸಿಗೆ ತೆರಬೇಕಾದ ಶುಲ್ಕದ ಷರತ್ತನ್ನು ಮಾತ್ರ ಕನ್ನಡಕ ಹಾಕಿಕೊಂಡು ಓದಿ.

ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಕನಿಷ್ಠ 20 ನಿಮಿಷ ಒಟ್ಟಿಗಿರಲಿ, ಆ ಹೊತ್ತಿಗೂ ಸಂಬಳವಿರಲಿ. ಔಷಧ ಕಪಾಟಿನ ಕೀಲಿಯನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಮುನ್ನ ನಿಯಂತ್ರಿತ ಔಷಧಗಳನ್ನು, ಅಂದರೆ ದುರ್ಬಳಕೆಯಾಗಬಲ್ಲವೆಂದು ಕಟ್ಟುನಿಟ್ಟಾಗಿ ಲೆಕ್ಕವಿಡುವ ಔಷಧಗಳನ್ನು, ಇಬ್ಬರೂ ಎಣಿಸಿ ಸಹಿ ಹಾಕಲಿ.

ಇಷ್ಟಾದರೂ ನಿಮ್ಮ ಪಾಲಿನ ಕೆಲಸ ಉಳಿದೇ ಇರುತ್ತದೆ. ಪ್ರತಿ ನಿವಾಸಿಗೂ ಒಂದು ಪುಟದ ಪರಿಚಯ ಬರೆದಿಡಿ: ನೋವಾದಾಗ ಇವರು ಏನು ಮಾಡುತ್ತಾರೆ, ಮಾತ್ರೆಯನ್ನು ಹೇಗೆ ನುಂಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ. ಅದನ್ನು ಬರೆಯಬೇಕಾದವರು ನರ್ಸ್‌ಗಳಿಗಿಂತ ಹೆಚ್ಚಾಗಿ, ದಿನವೂ ಅವರಿಗೆ ಸ್ನಾನ ಮಾಡಿಸುವ, ಉಣಿಸುವ ಆರೈಕೆಯವರು. ನಡವಳಿಕೆಯಲ್ಲಿ ಬದಲಾವಣೆ ಕಂಡರೆ ಬದಲಿ ನರ್ಸ್ ಮೊದಲು ಈ ಆರೈಕೆಯವರನ್ನು ಕೇಳಬೇಕು, ಬಳಿಕ ಕಿವಿ, ಹಲ್ಲು, ಹೊಟ್ಟೆ, ಚರ್ಮ ಪರೀಕ್ಷಿಸಬೇಕು ಎಂದು ಕರಾರಿನಲ್ಲೇ ಸೇರಿಸಿ. ಪುಸ್ತಕದಲ್ಲಿ ‘ಹಟ’ ಎಂಬ ತೀರ್ಪಿನ ಬದಲು, ಎಷ್ಟು ಗಂಟೆಗೆ, ಯಾವ ಕಡೆಗೆ, ಎಷ್ಟು ಹೊತ್ತು ತಲೆ ಚಚ್ಚಿಕೊಂಡರು ಎಂದಷ್ಟೇ ದಾಖಲಾಗಲಿ.