ಅತ್ತಿಗೆಯ ಸುಸ್ತು ನಟನೆಯಲ್ಲ

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ನಿಮ್ಮ ಅತ್ತಿಗೆ ಬೆಳಿಗ್ಗೆ ಚುರುಕಾಗಿದ್ದು, ಮಧ್ಯಾಹ್ನ ಒಲೆಯ ಮುಂದೆ ನಿಂತ ಕೂಡಲೇ ಸುಸ್ತು ಎನ್ನುತ್ತಾರೆ, ಇದು ನಿಜವೇ, ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಿಜ. ನನಗೂ ಅದೇ ಕಾಯಿಲೆ, ಒಂಬತ್ತು ವರ್ಷವಾಯಿತು.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ಸಿಪ್ಪೆ ಸುಲಿದ ವಿದ್ಯುತ್ ತಂತಿ ಎಂದುಕೊಳ್ಳಿ. ಮೈ ಅರ್ಧ ಡಿಗ್ರಿ ಬಿಸಿಯಾದರೂ ಸಾಕು, ಸಂದೇಶ ತಡವರಿಸುತ್ತದೆ. ಕಳೆದ ಏಪ್ರಿಲ್‌ನಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿ ನಿಂತವಳಿಗೆ ಸಟ್ಟುಗ ಕೈಯಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ, ಕಣ್ಣು ಮಂಜಾಯಿತು. ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಂಡು ಅರ್ಧ ಗಂಟೆ ಕುಳಿತ ಮೇಲೆ ಸರಿಹೋಯಿತು. ಸಂಜೆ ಬಂದ ನೆಂಟರಿಗೆ ನಾನು ಗಟ್ಟಿಮುಟ್ಟಾಗಿಯೇ ಕಂಡೆ. ಅದೇ ನಮ್ಮ ತೊಂದರೆ!

ಅಡುಗೆಮನೆಗೆ ಎತ್ತರದ ಸ್ಟೂಲ್, ಒಂದು ಫ್ಯಾನ್ ಹಾಕಿಸಿ. ಹೊಸ ತೊಂದರೆ ಒಂದು ದಿನ ಮೀರಿಯೂ ಉಳಿದರೆ ಮಾತ್ರ ತಡಮಾಡದೆ ನರರೋಗ ತಜ್ಞರಿಗೆ ತಿಳಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ. ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಹೆಚ್ಚಿನ ಸವಲತ್ತುಗಳಿಗೆ ವೈಕಲ್ಯ ಕನಿಷ್ಠ ಶೇ 40 ಇರಬೇಕು. ತಪಾಸಣೆಗೆ ಹೋಗುವಾಗ ಎಂಆರ್‌ಐ ವರದಿಗಳನ್ನು ಮರೆಯಬೇಡಿ. ನಡೆದುಕೊಂಡೇ ಬಂದೆನೆಂದು ನನ್ನನ್ನು ಅಲ್ಲಿಯೂ ಅನುಮಾನದಿಂದ ನೋಡಿದ್ದರು.