ಚಪ್ಪಲಿ ಎಲ್ಲಿರಬೇಕು ಎಂದು ಅವರೇ ಹೇಳಿದರು

ಪ್ರಿಯ ಟೀಚರ್,

ಮಂಗಳೂರಿನ ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ ಕಡೆ ರಾತ್ರಿ ಅಂಗಡಿ ಜಗಲಿಯಲ್ಲಿ ಮಲಗುವವರ ರೇಖಾಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ಕದ್ರಿಯಿಂದ ನೀವು ಬರೆದಿದ್ದೀರಿ: "ಅವರಿಗೆ ಬೇಕಾದದ್ದು ಸೂರು, ಚಿತ್ರ ಅಲ್ಲ. ಬಡವರ ಕಷ್ಟವನ್ನು ಹೀಗೆ ಪ್ರದರ್ಶನಕ್ಕೆ ಇಡುವುದು ಸರಿಯಾ? ಮುಖಪುಟದ ಮನುಷ್ಯನಿಗೆ ಮುಖವೇ ಇಲ್ಲ, ಯಾಕೆ?"

ಸೂರು ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಜೂನ್ ಬಂತೆಂದರೆ ಇರಚಲು ಜಗಲಿಯ ಅರ್ಧದವರೆಗೆ ಹೊಡೆಯುತ್ತದೆ. ಗೋಡೆಗೆ ಒತ್ತಿ ಕೂತೇ ಬೆಳಗು ಮಾಡಬೇಕು. ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಆಶ್ರಯ ಇರಬೇಕು ಎಂದು 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮವೇ ಹೇಳಿತ್ತು. 2011ರ ಜನಗಣತಿಯಲ್ಲೇ ಮಂಗಳೂರು 5 ಲಕ್ಷದ ಹತ್ತಿರ ಇತ್ತು. ಲೆಕ್ಕ ನೀವೇ ಹಾಕಿ.

ಆದರೆ ಟೀಚರ್, ಆಶ್ರಯ ಕೇಂದ್ರ ಎಲ್ಲಾದರೂ ಆಗಲಿ, ನಮ್ಮ ಬೀದಿಯಲ್ಲಿ ಮಾತ್ರ ಬೇಡ ಎನ್ನುವವರು ನಾವೇ ಅಲ್ವಾ? ಆ ಮಾತು ಬಾಯಿಗೆ ಬರುವ ಮುಂಚೆ ಒಂದು ಗಳಿಗೆ ತಡೆಯುವ ಶಕ್ತಿ ಚಿತ್ರಕ್ಕಿದೆ ಎಂದು ನಾನು ನಂಬಿದ್ದೇನೆ. 1943ರ ಬಂಗಾಳದ ಕ್ಷಾಮದಲ್ಲಿ ಕಲಾವಿದ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ ಹಸಿದವರ ಚಿತ್ರ ಬರೆದರು. ಹಲವರ ಹೆಸರನ್ನೂ ಬರೆದಿಟ್ಟರು. ಆ ಚಿತ್ರಗಳು ಪುಸ್ತಕವಾದಾಗ ಅದರ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಸುಮ್ನೆ ನಾಲ್ಕು ಗೆರೆಗೆ ಯಾರಾದರೂ ಅಷ್ಟು ಹೆದರುತ್ತಾರಾ?

ಪ್ರದರ್ಶನ ಎಂಬ ಮಾತು ಮಾತ್ರ ನನಗೆ ಚುಚ್ಚಿತು. ಚುಚ್ಚಬೇಕಾದದ್ದೇ. ಹಿಂದೊಮ್ಮೆ ಫೂಟ್‌ಪಾತಿನಲ್ಲಿ ಮಲಗಿದ್ದ ಅಜ್ಜಿಯೊಬ್ಬರ ಫೋಟೊವನ್ನು ಅವರನ್ನು ಕೇಳದೆಯೇ ಹಾಕಿದ್ದೆ. ಆಮೇಲೆ ಸಂಚಿಕೆ ತೋರಿಸಿದಾಗ ಅವರು ತುಂಬಾ ಹೊತ್ತು ನೋಡಿ, "ಮೊದಲೇ ಹೇಳಿದ್ದರೆ ತಲೆ ಬಾಚಿಕೊಳ್ಳುತ್ತಿದ್ದೆ" ಅಂದರು. ನಾನು ತಲೆ ತಗ್ಗಿಸಿ ಬಂದೆ.

ಅದಕ್ಕೇ ಈ ಸಲ ನಮ್ಮ ಕಲಾವಿದೆ ಮೂರು ರಾತ್ರಿ ಬರೀ ಮಾತಾಡಿ ಬಂದರು. ಪೆನ್ಸಿಲ್ ತೆಗೆದದ್ದು ನಾಲ್ಕನೆಯ ರಾತ್ರಿ. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರೊಬ್ಬರು ತಮ್ಮ ಚಿತ್ರ ನೋಡಿ, "ಚಪ್ಪಲಿ ಬಾಜೂಕ ಬಿಟ್ರ ಮುಂಜಾನೆ ಇರಂಗಿಲ್ರಿ" ಅಂದರು. ಕಲಾವಿದೆ ಚಪ್ಪಲಿ ಅಳಿಸಿದರು. ಅದನ್ನು ಚೀಲದೊಳಗೆ ತುರುಕಿ, ಚೀಲವನ್ನು ತಲೆಯಡಿಗೆ ತಂದರು. ಮುಖಪುಟವನ್ನು ಇನ್ನೊಮ್ಮೆ ನೋಡಿ. ಚೀಲ ಒಂದು ಕಡೆ ಉಬ್ಬಿದೆಯಲ್ಲ, ಅದು ಚಪ್ಪಲಿ. ಆ ರಾತ್ರಿಯಿಂದ ನನಗೆ ಜಗಲಿಯಲ್ಲಿ ಮಲಗಿದವರನ್ನು ಕಂಡರೆ ಮೊದಲು ಕಣ್ಣು ಹೋಗುವುದು ತಲೆಯಡಿಯ ಚೀಲಕ್ಕೆ.

ಮುಖದ ವಿಷಯ. ಅದನ್ನೂ ಅವರೇ ಬೇಡ ಅಂದರು. ಮಂಗಳೂರಿನಲ್ಲಿ ರೂಮು ಮಾಡಿದ್ದೇನೆ ಎಂದು ಊರಲ್ಲಿ ತಾಯಿಗೆ ಹೇಳಿದ್ದಾರಂತೆ. "ಗ್ವಾಡಿ ಕಡೆ ಹೊಳ್ಳಿ ಮಲಗ್ತೀನ್ರಿ, ಹಂಗ ತಗೀರಿ" ಅಂದರು.

— ಸಂಪಾದಕ